ಜೇನಿಗೆ ಹೂ ಬಿತ್ತುವ ಮುನ್ನ ನಿಮ್ಮ ಬದು ನೋಡಿ

ಪ್ರಶ್ನೆ: ಮಾಗಡಿ ತಾಲ್ಲೂಕಿನಲ್ಲಿ ನಮಗೆ ಎರಡೂವರೆ ಎಕರೆ ಜಮೀನಿದೆ. ಒಂದು ಎಕರೆಯಲ್ಲಿ ರಾಗಿ, ಉಳಿದದ್ದರಲ್ಲಿ ಮಾವು, ಮತ್ತೆ ಕೊಳವೆಬಾವಿ ನೀರಿನಲ್ಲಿ ಸಿಹಿಗುಂಬಳ, ಸೌತೆ, ಹೀರೆ, ಬದನೆ. ಕೆಲವು ವರ್ಷಗಳಿಂದ ಕುಂಬಳದ ಬಳ್ಳಿಯಲ್ಲಿ ಹೂ ತುಂಬಾ ಬರುತ್ತದೆ, ಹೀಚು ಮಾತ್ರ ಹಳದಿಯಾಗಿ ಉದುರಿಹೋಗುತ್ತದೆ. ಜೇನುಹುಳ ಕಡಿಮೆಯಾಗಿದೆ ಎನ್ನುತ್ತಾರೆ ನಮ್ಮ ತಾಯಿ. ವಿದೇಶಗಳಲ್ಲಿ ಹೊಲದಂಚಿಗೆ ಕಾಡುಹೂಗಳನ್ನು ಬಿತ್ತಿ ಜೇನನ್ನು ಉಳಿಸುತ್ತಾರೆಂದು ಓದಿ, ಆನ್‌ಲೈನ್‌ನಲ್ಲಿ ಕಾಡುಹೂವಿನ ಮಿಶ್ರ ಬೀಜ ತರಿಸಿದ್ದೇನೆ. ಪೊಟ್ಟಣದ ಮೇಲೆ ಕಾಸ್ಮಾಸ್, ಕಾರ್ನ್‌ಫ್ಲವರ್, ಕ್ಯಾಲಿಫೋರ್ನಿಯಾ ಪಾಪಿ ಎಂದೆಲ್ಲ ಬರೆದಿದೆ. ಮುಂಗಾರಿಗೆ ಬದುವಿನ ಮೇಲೆಲ್ಲ ಚೆಲ್ಲಬಹುದೇ? ಜೊತೆಗೆ ಒಂದೆರಡು ಜೇನುಪೆಟ್ಟಿಗೆ ಇಟ್ಟರೆ ಹೇಗೆ?

ಉತ್ತರ: ಚೆಲ್ಲಬೇಡಿ. ನಿಮ್ಮ ಕಾಳಜಿ ಸರಿಯಾದದ್ದು, ನಿಮ್ಮ ತಾಯಿಯವರ ಗಮನವೂ ಬಹುಶಃ ಸರಿ. ಆದರೆ ಜೇನಿಗೆ ಬೇಕಾದ ಹೂವಿನ ಬೀಜ ನಿಮ್ಮ ಬದುವಿನ ಮಣ್ಣಿನಲ್ಲಿ ಈಗಾಗಲೇ ಇದೆ. ಪ್ರತಿ ವರ್ಷ ಮೊಳೆಯುತ್ತದೆ, ಹೂ ಬಿಡುವ ಹೊತ್ತಿಗೆ ಸರಿಯಾಗಿ ನಾವು ಕುಡುಗೋಲನ್ನೋ ಕಳೆನಾಶಕದ ಕ್ಯಾನನ್ನೋ ಹಿಡಿದು ಅಲ್ಲಿಗೆ ಹೋಗುತ್ತೇವೆ. ಆದ್ದರಿಂದ ನೀವು ಹೊಸದಾಗಿ ಬಿತ್ತಬೇಕಾದದ್ದು ಕಡಿಮೆ, ಕೊಯ್ಯುವುದನ್ನು ಮುಂದಕ್ಕೆ ಹಾಕಬೇಕಾದದ್ದು ಹೆಚ್ಚು. ಬಿತ್ತಲೇಬೇಕಾದ ಒಂದೆರಡು ಇವೆ. ಅವು ಆನ್‌ಲೈನ್‌ನಲ್ಲಿ ಅಲ್ಲ, ನಿಮ್ಮೂರ ಯಾರದೋ ಮನೆಯ ಬೀಜದ ಮಡಕೆಯಲ್ಲಿ ಸಿಗುತ್ತವೆ.

ಮೊದಲು ಕುಂಬಳದ ವಿಚಾರ ಇತ್ಯರ್ಥವಾಗಲಿ. ಹೀಚು ಉದುರಿದ ಮಾತ್ರಕ್ಕೆ ಜೇನಿಲ್ಲ ಎಂದು ತೀರ್ಮಾನಿಸಬಾರದು. ಕುಂಬಳದಲ್ಲಿ ಗಂಡುಹೂ, ಹೆಣ್ಣುಹೂ ಬೇರೆ ಬೇರೆ. ಶುರುವಿನಲ್ಲಿ ಬರುವುದು ಹೆಚ್ಚಾಗಿ ಗಂಡುಹೂವೇ, ಅವು ಉದುರುವುದು ಸಹಜ. ಹೆಣ್ಣುಹೂವಿನ ಬುಡದಲ್ಲಿ ಅರಳುವ ಮೊದಲೇ ಗೋಲಿಯಂಥ ಪುಟ್ಟ ಕಾಯಿ ಇರುತ್ತದೆ. ಆ ಹೂವಿಗೆ ಸಿಗುವುದು ಒಂದೇ ಒಂದು ಬೆಳಗು. ನಸುಕಿನಲ್ಲಿ ಬಿರಿದು, ಬಿಸಿಲು ಚುರುಕಾಗುವಷ್ಟರಲ್ಲಿ ಮುದುಡಿಬಿಡುತ್ತದೆ. ಕುಂಬಳದ ಪರಾಗ ದಪ್ಪ, ಮೇಲೆ ಅಂಟು, ಗಾಳಿಗೆ ಹಾರುವಂಥದ್ದಲ್ಲ. ಆ ಕೆಲವು ಗಂಟೆಗಳೊಳಗೆ ಮೈಗೆ ಪರಾಗ ಮೆತ್ತಿಕೊಂಡ ಜೇನು ಒಂದಲ್ಲ, ಹಲವು ಬಾರಿ ಬಂದು ಕೂತರೆ ಕಾಯಿ ನಿಲ್ಲುತ್ತದೆ. ಪರಾಗ ಅರೆಬರೆ ಬಿದ್ದರೆ ಕಾಯಿ ಒಂದು ಮಗ್ಗುಲು ಉಬ್ಬಿ ಇನ್ನೊಂದು ಮಗ್ಗುಲು ಸೊಟ್ಟಗಾಗುತ್ತದೆ. ಬೀಳದೇ ಹೋದರೆ ನೀವು ಹೇಳಿದಂತೆ ಹಳದಿಯಾಗಿ ಕಳಚಿಕೊಳ್ಳುತ್ತದೆ.

ಇದನ್ನು ಪರೀಕ್ಷಿಸುವುದು ಸುಲಭ. ಮಾರನೆಯ ದಿನ ಅರಳಲಿರುವ ಹೆಣ್ಣುಮೊಗ್ಗುಗಳ ತುದಿ ಹಿಂದಿನ ಸಂಜೆಯೇ ಹಳದಿಗೆ ತಿರುಗಿರುತ್ತದೆ. ಅಂಥ ಹತ್ತು ಮೊಗ್ಗುಗಳಿಗೆ ಕೆಂಪು ದಾರ ಕಟ್ಟಿ. ಬೆಳಿಗ್ಗೆ ಏಳರೊಳಗೆ ಹೋಗಿ, ಆಗಷ್ಟೇ ಅರಳಿದ ಗಂಡುಹೂವನ್ನು ಕಿತ್ತು, ದಳಗಳನ್ನು ಹರಿದುಹಾಕಿ, ನಡುವಿನ ಪರಾಗದ ಕಡ್ಡಿಯನ್ನು ಹೆಣ್ಣುಹೂವಿನ ನಡುವಿನ ಗಂಟಿಗೆ ಎಲ್ಲ ಕಡೆ ತಾಗುವಂತೆ ಮೆಲ್ಲಗೆ ಸವರಿ. ಇನ್ನು ಹತ್ತು ಹೂಗಳಿಗೆ ಬಿಳಿ ದಾರ ಕಟ್ಟಿ ಮುಟ್ಟದೆ ಬಿಡಿ. ವಾರ ಕಳೆದ ಮೇಲೆ ನೋಡಿ. ಕೆಂಪು ದಾರದವು ನಿಂತು ಬಿಳಿಯವು ಉದುರಿದ್ದರೆ ಪರಾಗ ಸೇರಿಸುವ ಕೀಟಗಳ ಕೊರತೆಯೇ ಕಾರಣ. ಎರಡೂ ಉದುರಿದ್ದರೆ ತೊಂದರೆ ನೀರಿನಲ್ಲೋ ಗೊಬ್ಬರದಲ್ಲೋ ವಿಪರೀತ ಸೆಕೆಯಲ್ಲೋ ಇದೆ. ಹೀಚಿನ ಮೇಲೆ ಸೂಜಿಮೊನೆಯಂಥ ಚುಚ್ಚಿದ ಗುರುತು, ಅದರಿಂದ ಒಸರುವ ಅಂಟು ಕಂಡರೆ ಅದು ಹಣ್ಣುನೊಣದ ಕೆಲಸ. ಅದಕ್ಕೆ ಮೋಹಕ ಬಲೆ, ಅಂದರೆ ವಾಸನೆಯಿಂದ ನೊಣವನ್ನು ಸೆಳೆದು ಹಿಡಿಯುವ ಬಲೆ, ಕಟ್ಟಬೇಕು, ಹೂ ಬೆಳೆಸಿ ಪ್ರಯೋಜನವಿಲ್ಲ.

ಹೀರೆ ಮತ್ತು ಬದನೆಯನ್ನು ಕುಂಬಳದ ಲೆಕ್ಕಕ್ಕೆ ಸೇರಿಸಬೇಡಿ. ಹೀರೆಹೂ ಅರಳುವುದು ಸಂಜೆ. ಕುಂಬಳದ ಹೂ ಮುದುಡಿ ಎಷ್ಟೋ ಹೊತ್ತಾದ ಮೇಲೆ, ಹೊತ್ತಿಳಿಯುವಾಗ ಹಳದಿಯಾಗಿ ಬಿರಿಯುತ್ತದೆ. ಅಲ್ಲಿಗೆ ಬರುವವರು ಪತಂಗಗಳು ಮತ್ತು ಮುಸ್ಸಂಜೆಯವರೆಗೂ ದುಡಿಯುವ ಕೆಲವು ಜೇನುಗಳು. ಬೆಳಿಗ್ಗೆ ಹೋಗಿ ಹೀರೆಬಳ್ಳಿಯಲ್ಲಿ ಜೇನೇ ಇಲ್ಲ ಎಂದು ಕೊರಗುವವರನ್ನು ನಾನು ಕಂಡಿದ್ದೇನೆ. ಬದನೆಯದು ಇನ್ನೂ ಬೇರೆ ರೀತಿ. ಬದನೆ ಹೂವಿನ ನಡುವೆ ಹಳದಿ ಕೇಸರಗಳು ಒಟ್ಟಾಗಿ ನಿಂತಿರುತ್ತವಲ್ಲ, ಪರಾಗ ಅವುಗಳ ಒಳಗೆ ಬಂದಿಯಾಗಿರುತ್ತದೆ. ಹೊರಬರಲು ಇರುವುದು ತುದಿಯ ಸಣ್ಣ ರಂಧ್ರ ಮಾತ್ರ. ಪೆಟ್ಟಿಗೆಯ ಜೇನಿಗೆ ಅದನ್ನು ತೆಗೆಯಲು ಬರುವುದಿಲ್ಲ. ಹೊಟ್ಟೆಯ ಮೇಲೆ ನೀಲಿ ಪಟ್ಟೆಗಳಿರುವ ಒಂದು ಒಂಟಿಜೇನಿದೆ. ಅದು ಬದನೆ ಹೂವಿಗೆ ಬಂದು, ಕೇಸರಗಳನ್ನು ಕಾಲಿನಿಂದ ಅವುಚಿ, ಮೈಯನ್ನು ಬಾಗಿಸಿ, ರೆಕ್ಕೆ ಅಲುಗಿಸದೆಯೇ ಎದೆಯ ಸ್ನಾಯುಗಳನ್ನು ಝೇಂ ಎಂದು ಕಂಪಿಸುತ್ತದೆ. ಒಂದೆರಡು ಕ್ಷಣದ ಸದ್ದು, ಪರಾಗ ಪುಡಿಪುಡಿಯಾಗಿ ಅದರ ಹೊಟ್ಟೆಯ ಮೇಲೆ ಉದುರುತ್ತದೆ. ಹತ್ತಿರ ನಿಂತರೆ ಆ ಸದ್ದು ಹಾರುವಾಗಿನ ಸದ್ದಿಗಿಂತ ಬೇರೆಯೆಂದು ಕಿವಿಗೇ ತಿಳಿಯುತ್ತದೆ. ಬಡಗಿ ದುಂಬಿ ಎಂದು ನಾವು ಕರೆಯುವ ದೊಡ್ಡ ಕಪ್ಪು ಜೇನೂ ಇದೇ ಕೆಲಸ ಮಾಡುತ್ತದೆ.

ಜೇನು ಎಂದರೆ ನಮಗೆ ತುಪ್ಪ ಕೊಡುವ ಜೇನೇ ನೆನಪಾಗುತ್ತದೆ. ಮರದ ಎತ್ತರದ ಕೊಂಬೆಗೆ ಕಟ್ಟುವ ಹೆಜ್ಜೇನು, ಪೊಟರೆಯಲ್ಲೂ ಪೆಟ್ಟಿಗೆಯಲ್ಲೂ ಇರುವ ತುಡುವೆ, ಬೇಲಿಯ ಕಡ್ಡಿಗೆ ಒಂದೇ ಎರಿ ಕಟ್ಟುವ ಕೋಲುಜೇನು, ಗೋಡೆ ಸಂದಿನಲ್ಲಿ ಮೇಣದ ಕೊಳವೆ ಇಟ್ಟುಕೊಂಡ ನಸರು ಜೇನು, ಇವು ನಮ್ಮ ನಾಡಿನವು. ಇವಲ್ಲದೆ ಗುಂಪು ಕಟ್ಟದ, ತುಪ್ಪ ಕೂಡಿಡದ ಒಂಟಿಜೇನುಗಳು ಬಹಳ ಇವೆ. ಜಗತ್ತಿನಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜಾತಿಯ ಜೇನುಗಳಿದ್ದು ಅವುಗಳಲ್ಲಿ ಹೆಚ್ಚಿನವು ಒಂಟಿಗಳೇ. ಅವುಗಳಲ್ಲೂ ಬಹುಪಾಲು ಮಣ್ಣಿನಲ್ಲಿ ಬಿಲ ತೋಡಿ ಮೊಟ್ಟೆಯಿಡುತ್ತವೆ. ನಿಮ್ಮ ಮನೆಯ ಗುಲಾಬಿ ಎಲೆಯಲ್ಲಿ ಬಿಲ್ಲೆ ಕೊರೆದಂತೆ ದುಂಡನೆಯ ತೂತುಗಳು ಕಂಡರೆ ಔಷಧಿ ಹುಡುಕಬೇಡಿ. ಅದು ಎಲೆ ಕತ್ತರಿಸುವ ಜೇನು. ಆ ತುಂಡುಗಳನ್ನು ಒಯ್ದು ಮರಿಗಳಿಗೆ ಕೋಣೆ ಕಟ್ಟುತ್ತದೆ. ತೊಗರಿ ಹೂವಿಗೆ ಬರುವವರಲ್ಲಿ ಅದೇ ಮುಖ್ಯ. ಈ ಎಲ್ಲವನ್ನೂ ಮನಸ್ಸಿನಲ್ಲಿಟ್ಟುಕೊಂಡು ಹೂವಿನ ಲೆಕ್ಕ ಹಾಕಬೇಕು.

ನೀವು ಓದಿದ ಕಾಡುಹೂವಿನ ಕಥೆ ಮುಖ್ಯವಾಗಿ ಬ್ರಿಟನ್ನಿನದು. ಅಲ್ಲಿ ದನಕ್ಕೆ ಒಣಹುಲ್ಲು ಕೊಯ್ಯುತ್ತಿದ್ದ, ಬಗೆಬಗೆಯ ಹೂ ತುಂಬಿದ ಹುಲ್ಲುಗಾವಲುಗಳಿದ್ದವು. 1930ರ ದಶಕದಿಂದೀಚೆಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಅವುಗಳ ಶೇ 97ರಷ್ಟು ಉಳುಮೆಗೆ, ರಸಗೊಬ್ಬರ ಹಾಕಿ ಬೆಳೆಸುವ ಏಕಜಾತಿಯ ಹುಲ್ಲಿಗೆ ಹೋದವೆಂದು ಅಂದಾಜು. ಹೂ ಹೋದ ಮೇಲೆ ಅವನ್ನೇ ನಂಬಿದ್ದ ಜೇನುಗಳೂ ಕ್ಷೀಣಿಸಿದವು. ಹಾಗಾಗಿ ಅಲ್ಲಿನ ರೈತರು ಹೊಲದಂಚಿಗೆ ಮತ್ತೆ ಹೂ ಬಿತ್ತುತ್ತಿದ್ದಾರೆ. ಗಮನಿಸಬೇಕಾದ ಅಂಶವೆಂದರೆ, ಕಾರ್ನ್‌ಫ್ಲವರ್ ಅಲ್ಲಿ ತೋಟದ ಹೂವಲ್ಲ, ಧಾನ್ಯದ ಹೊಲದ ಕಳೆ. ಕೆಂಪು ಪಾಪಿಯೂ ಹಾಗೆಯೇ. ಅವರು ಬಿತ್ತುತ್ತಿರುವುದು ತಾವು ಕಳೆದುಕೊಂಡ ತಮ್ಮದೇ ಕಳೆಯನ್ನು. ಪ್ಲಾಂಟ್‌ಲೈಫ್ ಎಂಬ ಅಲ್ಲಿನ ಸಂಸ್ಥೆ ಮೇ ತಿಂಗಳಿಡೀ ಮನೆಯಂಗಳದ ಹುಲ್ಲು ಕತ್ತರಿಸಬೇಡಿ ಎಂದು ಜನರನ್ನು ಕೇಳಿಕೊಳ್ಳುತ್ತದೆ. ಬೀಜ ಬೇಡ, ಯಂತ್ರ ನಿಲ್ಲಿಸಿದರೆ ಸಾಕು ಎಂಬುದು ಅದರ ಅರ್ಥ. ಅವರಿಂದ ನಾವು ಕಲಿಯಬೇಕಾದದ್ದು ಇದನ್ನೇ ಹೊರತು ಅವರ ಬೀಜದ ಪಟ್ಟಿಯನ್ನಲ್ಲ.

ಆ ಪೊಟ್ಟಣದ ಕಾರ್ನ್‌ಫ್ಲವರ್, ಪಾಪಿಗಳಿಗೆ ತಂಪು ಹವೆ ಬೇಕು. ಮುಂಗಾರಿನ ಸೆಕೆಗೂ ತೇವಕ್ಕೂ ಅವು ಕೊಳೆಯುತ್ತವೆ, ನಿಮ್ಮ ದುಡ್ಡು ದಂಡ. ಚಳಿಗಾಲದಲ್ಲಿ ಮನೆ ಮುಂದಿನ ಕುಂಡದಲ್ಲಿ ಬೆಳೆಸಿಕೊಳ್ಳಿ, ಅಡ್ಡಿಯಿಲ್ಲ. ಕಾಸ್ಮಾಸ್ ಮಾತ್ರ ಬದುಕುತ್ತದೆ, ಭಯವಿರುವುದು ಅದರ ಬಗ್ಗೆಯೇ. ಕಿತ್ತಳೆ ಬಣ್ಣದ ಕಾಸ್ಮಾಸ್ ಹಲವು ಕಡೆ ರಸ್ತೆಬದಿಯಲ್ಲಿ ತಾನೇ ತಾನಾಗಿ ಹಬ್ಬುತ್ತಿದೆ. ಜೇನು ಅದಕ್ಕೆ ಬರುತ್ತದೆ, ನಿಜ. ಲಂಟಾನಕ್ಕೂ ಚಿಟ್ಟೆ ಬರುತ್ತದೆ. 19ನೇ ಶತಮಾನದ ಆರಂಭದಲ್ಲಿ ಅಲಂಕಾರದ ಹೂವೆಂದು ಈ ದೇಶಕ್ಕೆ ತಂದ ಆ ಗಿಡ ಈಗ ಬಂಡೀಪುರದಲ್ಲಿ, ಮಲೆಮಹದೇಶ್ವರ ಬೆಟ್ಟದಲ್ಲಿ ನೆಲ ಕಾಣದಂತೆ ಹಬ್ಬಿ, ಅಡಿಯಲ್ಲಿ ಬೇರೇನನ್ನೂ ಬೆಳೆಯಗೊಡುತ್ತಿಲ್ಲ. ಕಾಂಗ್ರೆಸ್ ಗಿಡ ನಮ್ಮ ಹೊಲಗಳಿಗೆ ಏನು ಮಾಡಿತೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಗೊತ್ತಿಲ್ಲದ ಬೀಜವನ್ನು ಬಯಲಿಗೆ ಚೆಲ್ಲುವುದು ಹಿಂದಕ್ಕೆ ಪಡೆಯಲಾಗದ ಕೆಲಸ. ಉಳಿದ ಬೀಜವನ್ನು ತಿಪ್ಪೆಗೂ ಹಾಕಬೇಡಿ, ಗೊಬ್ಬರದ ಜೊತೆ ಅದು ಹೊಲಕ್ಕೇ ಬರುತ್ತದೆ. ಒಲೆಗೆ ಹಾಕಿ.

ಇನ್ನು ನಿಮ್ಮ ಬದು. ಮೊದಲ ಮಳೆ ಬಿದ್ದು ತಿಂಗಳಾದ ಮೇಲೆ ಬೆಳಿಗ್ಗೆ ಒಂಬತ್ತರ ಸುಮಾರಿಗೆ ಬದುವಿನುದ್ದಕ್ಕೂ ಒಮ್ಮೆ ನಡೆಯಿರಿ. ತುಂಬೆ ಖಂಡಿತ ಇರುತ್ತದೆ. ಚಿಕ್ಕಂದಿನಲ್ಲಿ ನಾವೆಲ್ಲ ಅದರ ಬಿಳಿ ಹೂ ಕಿತ್ತು ಬುಡದಿಂದ ಸಿಹಿ ಹೀರಿದವರೇ; ಜೇನು ಬರುವುದೂ ಅದಕ್ಕಾಗಿಯೇ. ಹೂವಿನ ಕೆಳದಳ ಜೇನಿಗೆ ಇಳಿಯುವ ಜಗಲಿ. ಅಲ್ಲಿ ಕೂತು ತಲೆ ಒಳಗೆ ತೂರಿಸಿದಾಗ, ಮೇಲಿನ ನವಿರಾದ ಕೂದಲಿನ ದಳದಡಿ ಅವಿತಿರುವ ಕೇಸರಗಳು ಜೇನಿನ ತಲೆಗೂ ಬೆನ್ನಿಗೂ ಪರಾಗ ಸವರುತ್ತವೆ. ತುಡುವೆ, ಕೋಲುಜೇನು, ನಸರು ಜೇನು, ಬದನೆಗೆ ಬರುವ ಆ ನೀಲಿಪಟ್ಟೆಯ ಜೇನು, ಎಲ್ಲಕ್ಕೂ ತುಂಬೆ ಬೇಕು. ಮಳೆಗಾಲದ ನಡುವಿನಿಂದ ಸಂಕ್ರಾಂತಿಯವರೆಗೂ ಅದು ಹೂ ಬಿಡುತ್ತಲೇ ಇರುತ್ತದೆ. ಕಾಸು ಖರ್ಚಿಲ್ಲದ ಇಂಥ ಗಿಡವನ್ನು ಕಿತ್ತೆಸೆದು ಅಮೆರಿಕದ ಪಾಪಿ ತರಿಸಿಕೊಳ್ಳುತ್ತಿದ್ದೇವೆ ಎಂಬುದು ನನಗೆ ನಿಜವಾಗಿ ಸಂಕಟದ ವಿಷಯ.

ತುಂಬೆಯ ಜೊತೆಗೆ ನೆಲಕ್ಕಂಟಿದ ನೆಗ್ಗಿಲು, ನೀಲಿ ವಿಷ್ಣುಕ್ರಾಂತಿ, ನಾಯಿತುಳಸಿ, ಗುಲಾಬಿ ಚೆಂಡಿನಂಥ ಹೂವಿನ ಮುಟ್ಟಿದರೆ ಮುನಿ, ಗಾಯಕ್ಕೆ ಸೊಪ್ಪಿನ ರಸ ಹಿಂಡುತ್ತೇವಲ್ಲ, ಉದ್ದ ತೊಟ್ಟಿನ ತುದಿಗೆ ಒಂದೊಂದೇ ಸಣ್ಣ ಹಳದಿ ಹೂ ಬಿಡುವ ಆ ಗಿಡ, ಇವೂ ಇರುತ್ತವೆ. ಕೊನೆಯ ಎರಡು ಹೊರನಾಡಿನಿಂದ ಬಂದವು. ಆದರೆ ಅವು ಇಲ್ಲಿ ನೆಲೆಯೂರಿ ಎಷ್ಟೋ ಕಾಲವಾಗಿದೆ, ಸಣ್ಣ ಜೇನುಗಳು ಅವನ್ನು ನೆಚ್ಚಿಕೊಂಡಿವೆ. ಬದುವಿನಲ್ಲಿ ಇದ್ದಷ್ಟು ಇರಲಿ. ಬದುವಿನ ಕಲ್ಲುಗುಡ್ಡೆಯ ಬಳಿ ತಂಗಡಿಯೋ ಎಕ್ಕವೋ ಇದ್ದರೆ ದಯವಿಟ್ಟು ಉಳಿಸಿ. ತಂಗಡಿಯಲ್ಲಿ ಮಕರಂದವಿಲ್ಲ, ಪರಾಗ ಮಾತ್ರ. ಅದೂ ಬದನೆಯಂತೆಯೇ ಕಂಪಿಸಿದರೆ ಉದುರುವಂಥದ್ದು. ಬದನೆಗೆ ಬೇಕಾದ ಜೇನುಗಳನ್ನು ಬದನೆ ಇಲ್ಲದ ತಿಂಗಳುಗಳಲ್ಲಿ ಸಾಕುವುದು ತಂಗಡಿ. ಎಕ್ಕದ ಹೂವಿನ ನಂಟಸ್ತಿಕೆ ಬಡಗಿ ದುಂಬಿಯೊಡನೆ.

ಬದುವಿನ ಹುಲ್ಲು ದನಕ್ಕೆ ಬೇಕು, ಅದನ್ನು ಬಿಡಿ ಎನ್ನಲು ನನಗೆ ಅಧಿಕಾರವಿಲ್ಲ. ಹುಲ್ಲು ಕೊಯ್ಯಿರಿ, ಹೂಗಿಡ ಬಿಡಿ. ಯಂತ್ರದಿಂದ ಇದಾಗುವುದಿಲ್ಲ, ಕೈಕುಡುಗೋಲಿನಿಂದ ಆಗುತ್ತದೆ. ಅಷ್ಟು ಬಿಡುವಿಲ್ಲದಿದ್ದರೆ ಬದುಗಳನ್ನು ಎರಡು ಪಾಲು ಮಾಡಿಕೊಳ್ಳಿ. ಒಂದು ಪಾಲನ್ನು ಶ್ರಾವಣದ ಹೊತ್ತಿಗೆ ಪೂರ್ತಿ ಕೊಯ್ದುಕೊಳ್ಳಿ, ಇನ್ನೊಂದನ್ನು ಸಂಕ್ರಾಂತಿ ಕಳೆಯುವವರೆಗೆ ಮುಟ್ಟಬೇಡಿ. ಮರುವರ್ಷ ಅದಲು ಬದಲು. ಅಷ್ಟರಲ್ಲಿ ತುಂಬೆಯ ಬೀಜ ಉದುರಿರುತ್ತದೆ, ಮುಂದಿನ ವರ್ಷದ ಬಿತ್ತನೆ ಮುಗಿದಂತೆ. ಹಾವು, ಇಲಿ ಸೇರಿಕೊಳ್ಳುತ್ತವೆ ಎಂದು ಮನೆಯಲ್ಲಿ ಆಕ್ಷೇಪ ಬರುತ್ತದೆ, ಅದು ಸುಳ್ಳಲ್ಲ. ಮನೆಗೂ ಬಾವಿಗೂ ಓಡಾಡುವ ದಾರಿಯ ಬದುವನ್ನು ಬೋಳಾಗಿಡಿ, ದೂರದ ಬದು ಬಿಡಿ. ಕಾಂಗ್ರೆಸ್ ಗಿಡ ಮತ್ತು ಲಂಟಾನವನ್ನು ಮಾತ್ರ ಹೂ ಬಿಡುವ ಮೊದಲೇ ಬೇರುಸಹಿತ ಕೀಳಿ, ಅವಕ್ಕೆ ಯಾವ ರಿಯಾಯಿತಿಯೂ ಬೇಡ. ಕಳೆನಾಶಕ ಬದುವಿನ ಮೇಲೆ ಬೇಡವೇ ಬೇಡ. ಅದು ಹೂ ಕೊಟ್ಟ ಗಿಡವನ್ನು ಕೊಂದು ಹೂ ಕೊಡದ ಗಡುಸು ಹುಲ್ಲಿಗೆ ಜಾಗ ಮಾಡಿಕೊಡುತ್ತದೆ.

ಈಗ ಬಿತ್ತಬೇಕಾದದ್ದರ ಮಾತು. ಹೊಲದಲ್ಲಿ ಹೂವಿನ ಪಟ್ಟಿ ಹಾಕುವುದು ನಮಗೆ ಹೊಸ ವಿದ್ಯೆಯೇನಲ್ಲ. ಮಾಗಡಿ ಸೀಮೆಯ ರಾಗಿ ಹೊಲ ಅಕ್ಕಡಿ ಸಾಲಿಲ್ಲದೆ ಇರುತ್ತಲೇ ಇರಲಿಲ್ಲ. ಎಂಟು ಹತ್ತು ಸಾಲು ರಾಗಿಗೆ ಒಂದು ಅಕ್ಕಡಿ. ಅದರಲ್ಲಿ ಅವರೆ, ತೊಗರಿ, ಅಲಸಂದೆ, ಸಾಸಿವೆ, ಹುಚ್ಚೆಳ್ಳು, ನಡುನಡುವೆ ಜೋಳ. ನಿಮ್ಮ ತಾಯಿಯವರನ್ನು ಕೇಳಿ, ಯಾವ ಬೀಜಕ್ಕೆ ಯಾವುದನ್ನು ಬೆರೆಸಿ ಸಡ್ಡೆಯಲ್ಲಿ (ಬೀಜ ಬಿಡುವ ಕೊಳವೆ) ಬಿಡುತ್ತಿದ್ದರೆಂದು ಅವರೇ ಹೇಳಿಯಾರು. ರಾಗಿ ಸ್ವಂತ ಪರಾಗದಿಂದಲೇ ಕಾಳು ಕಟ್ಟುವ ಬೆಳೆ, ಜೇನಿಗೆ ಅದರಿಂದ ಸಿಗುವುದು ಏನೂ ಇಲ್ಲವೆನ್ನುವಷ್ಟು ಕಡಿಮೆ. ಬರೀ ರಾಗಿಯ ಹೊಲ ಜೇನಿನ ಪಾಲಿಗೆ ಹಸಿರು ಮರುಭೂಮಿ. ಅಕ್ಕಡಿಯ ಹೂಗಳು ಹಾಗಲ್ಲ. ಜುಲೈ ಕೊನೆಯಲ್ಲಿ ಬಿತ್ತಿದರೆ ಸೆಪ್ಟೆಂಬರಿನಲ್ಲಿ ಸಾಸಿವೆ, ಅದರ ಹಿಂದೆಯೇ ಹುಚ್ಚೆಳ್ಳು, ಆಮೇಲೆ ತೊಗರಿ, ಚಳಿ ಬಿದ್ದ ಮೇಲೆ ನಾಟಿ ಅವರೆ. ಒಂದು ಮುಗಿಯುವಾಗ ಇನ್ನೊಂದು ಬಿರಿಯುತ್ತದೆ. ಹೀಗೆ ಕಡಿಯದೆ ಸಾಗುವ ಸರಣಿಯೇ ಜೇನಿಗೆ ಬೇಕಾದದ್ದು. ಒಂದೇ ತಿಂಗಳಲ್ಲಿ ಎಕರೆಗಟ್ಟಲೆ ಹೂ ಅರಳಿ ಉಳಿದ ಹನ್ನೊಂದು ತಿಂಗಳು ಬರಿದಾದರೆ ಪ್ರಯೋಜನವಿಲ್ಲ.

ಇವುಗಳಲ್ಲಿ ಒಂದನ್ನೇ ಆರಿಸಿ ಎಂದರೆ ನಾನು ಹುಚ್ಚೆಳ್ಳನ್ನು ಹೇಳುತ್ತೇನೆ. ಹೊಲದ ಸುತ್ತ ಎರಡು ಸಾಲು ಸಾಕು. ದನ ಅದಕ್ಕೆ ಬಾಯಿ ಹಾಕುವುದಿಲ್ಲ, ಹಿಂದಿನವರು ಅಂಚಿಗೆ ಹಾಕುತ್ತಿದ್ದುದಕ್ಕೆ ಅದೂ ಒಂದು ಕಾರಣ. ಬಡ ಮಣ್ಣಿನಲ್ಲೂ ಬರುತ್ತದೆ, ಔಷಧಿ ಕೇಳುವುದಿಲ್ಲ. ತನ್ನ ಗಿಡದ ಪರಾಗದಿಂದ ಅದು ಕಾಳು ಕಟ್ಟುವುದು ತೀರಾ ಕಡಿಮೆ. ಗಿಡದಿಂದ ಗಿಡಕ್ಕೆ ಜೇನು ಓಡಾಡಿದರೆ ಮಾತ್ರ ಫಸಲು. ಅದಕ್ಕೆ ತಕ್ಕಂತೆ ಮಕರಂದ, ಪರಾಗ ಎರಡನ್ನೂ ಧಾರಾಳವಾಗಿ ಕೊಡುತ್ತದೆ. ಕೊನೆಗೆ ನಿಮ್ಮ ಮನೆಗೆ ಚಟ್ನಿಪುಡಿಗಾಗುವಷ್ಟು ಕಾಳು. ಹೊಸಕೋಟೆ ತಾಲ್ಲೂಕಿನ ರಾಮಗೋವಿಂದಪುರದಲ್ಲಿ ಒಂದು ಆಲದ ಮರವಿದೆ, ಅದರ ಕೊಂಬೆಗಳ ತುಂಬ ನೂರಾರು ಹೆಜ್ಜೇನು ಹುಟ್ಟುಗಳು ಕಟ್ಟುತ್ತವೆ. ಹೆಜ್ಜೇನು ವರ್ಷವಿಡೀ ಒಂದೆಡೆ ಇರುವುದಿಲ್ಲ. ಹೂವಿನ ಕಾಲಕ್ಕೆ ಬಯಲಿಗೆ ಬಂದು, ಹೂ ತೀರಿದ ಮೇಲೆ ಎದ್ದು ಹೋಗುತ್ತದೆ. ಅಷ್ಟು ಹುಟ್ಟುಗಳನ್ನು ಸಾಕುವುದು ಸುತ್ತಲ ಊರುಗಳ ಹೊಲಗಳೇ. ಅಲ್ಲಿ ಯಾರೂ ಕಾಡುಹೂ ಬಿತ್ತಿದವರಲ್ಲ.

ನಿಮ್ಮ ಭಾಗದಲ್ಲಿ ಜೇನಿಗೆ ಕಷ್ಟದ ಕಾಲ ಯಾವುದೆಂದು ಗೊತ್ತೇ? ಜೂನ್ ನಡುವಿನಿಂದ ಆಗಸ್ಟ್ ನಡುವಿನವರೆಗೆ. ಬೇಸಿಗೆಯಲ್ಲಿ ಎಲ್ಲ ಒಣಗಿದಂತೆ ನಮಗೆ ಕಂಡರೂ ಯುಗಾದಿಯ ಆಸುಪಾಸಿನಲ್ಲಿ ಹೊಂಗೆ, ಬೇವು, ನೇರಳೆ, ಆಮೇಲೆ ಹುಣಸೆ, ಹೀಗೆ ಮರಗಳು ಜೇನನ್ನು ಸಲಹುತ್ತವೆ. ಮಳೆ ಶುರುವಾದ ಮೇಲೆ ಎಲ್ಲೆಲ್ಲೂ ಹಸಿರು, ಹೂ ಮಾತ್ರ ಇಲ್ಲ. ಮರದ ಹೂ ಮುಗಿದಿರುತ್ತದೆ, ಬದುವಿನದು ಇನ್ನೂ ಎಲೆಯಲ್ಲಿರುತ್ತದೆ, ಹೊಲದ್ದು ಮೊಳಕೆಯಲ್ಲಿರುತ್ತದೆ. ತುಡುವೆಯ ಕುಟುಂಬಗಳು ಸೊರಗುವುದು, ಗೂಡು ಬಿಟ್ಟು ಹಾರಿಹೋಗುವುದು ಈ ಅವಧಿಯಲ್ಲೇ ಹೆಚ್ಚು. ನಿಮ್ಮ ಖರ್ಚು, ಶ್ರಮ ಹೋಗಬೇಕಾದದ್ದು ಈ ಎರಡು ತಿಂಗಳ ಮೇಲೆ.

ಅದಕ್ಕೆ ಎರಡು ದಾರಿ ಸೂಚಿಸುತ್ತೇನೆ. ಏಪ್ರಿಲ್ ಕೊನೆಯಿಂದ ಮೇ ತಿಂಗಳಲ್ಲಿ ಬರುವ ಭರಣಿ ಕೃತ್ತಿಕೆ ಮಳೆ ಬಿದ್ದರೆ ಹತ್ತು ಗುಂಟೆಯಲ್ಲಾದರೂ ಮುಂಗಾರು ಎಳ್ಳು ಹಾಕಿ. ಒಂದೂಕಾಲು ಒಂದೂವರೆ ತಿಂಗಳಿಗೆ ಹೂವಿಗೆ ಬರುತ್ತದೆ, ಸರಿಯಾಗಿ ಆ ಬರಗಾಲಕ್ಕೆ. ಇಳಿಬಿದ್ದ ಗಂಟೆಯಂಥ ಹೂ, ಜೇನು ಅದರೊಳಕ್ಕೆ ಪೂರ್ತಿ ನುಗ್ಗಿ ಬೆನ್ನೆಲ್ಲ ಬಿಳಿಯಾಗಿ ಹೊರಬರುತ್ತದೆ. ಇನ್ನೊಂದು ಲಕ್ಕಿ ಗಿಡ. ಬೇಲಿಗೆಂದು ಈಗ ಕಲ್ಲುಕಂಬ, ಮುಳ್ಳುತಂತಿಗೆ ಸುರಿಯುವ ಹಣದ ಸಣ್ಣ ಪಾಲಿನಲ್ಲಿ ಲಕ್ಕಿ ಬೇಲಿಯಾಗುತ್ತದೆ. ಮಳೆ ಹಿಡಿದ ಮೇಲೆ ಬೆರಳು ದಪ್ಪದ ಕಡ್ಡಿ ಕತ್ತರಿಸಿ ನೆಟ್ಟರೆ ಚಿಗುರುತ್ತದೆ, ಆಡು ಕುರಿ ಮುಟ್ಟುವುದಿಲ್ಲ. ಅದರ ನೇರಳೆ ಹೂಗೊಂಚಲಿಗೆ ಮಳೆಗಾಲದಲ್ಲಿ ಬರುವಷ್ಟು ಬಗೆಯ ಜೇನನ್ನು ಬೇರೆ ಬೇಲಿಗಿಡದಲ್ಲಿ ನಾನು ನೋಡಿಲ್ಲ. ಕೊಳವೆಬಾವಿಯ ನೀರು ಹರಿಯುವ ಕಡೆ ಕಾಮಕಸ್ತೂರಿಯ ನಾಲ್ಕು ಗಿಡವಿರಲಿ, ಕೊತ್ತಂಬರಿ ಮಡಿಯ ಒಂದು ಮೂಲೆಯನ್ನು ಕೀಳದೆ ಹೂವಿಗೆ ಬಿಡಿ. ಚೆಂಡುಹೂ ಹಾಕುವ ಆಸೆಯಿದ್ದರೆ ಒಂದೇ ಸುತ್ತಿನ ನಾಟಿ ಚೆಂಡು ಹಾಕಿ. ಮಾರುಕಟ್ಟೆಯ ದಪ್ಪ ಚೆಂಡುಹೂವಿನಲ್ಲಿ ದಳಗಳೇ ತುಂಬಿ ಜೇನಿಗೆ ದಕ್ಕುವುದು ಅತ್ಯಲ್ಪ. ಬದುವಿನ ಮೂಲೆಗೊಂದು ಹೊಂಗೆ ನೆಡಿ, ಅದರ ಸೊಪ್ಪು ಗೊಬ್ಬರಕ್ಕೂ ಆಗುತ್ತದೆ.

ಹೂವಿದ್ದರೂ ಗೂಡಿಗೆ ಜಾಗವಿಲ್ಲದಿದ್ದರೆ ಒಂಟಿಜೇನು ನಿಲ್ಲುವುದಿಲ್ಲ. ಬದುವಿನ ಬಿಸಿಲು ಬೀಳುವ ಇಳಿಜಾರಿನಲ್ಲಿ ಪೆನ್ಸಿಲ್ ತೂರುವಷ್ಟು ಅಗಲದ ತೂತುಗಳು, ಬಾಯಿಯ ಸುತ್ತ ಪುಡಿಮಣ್ಣಿನ ಸಣ್ಣ ಗುಪ್ಪೆ ಕಂಡರೆ ಅದು ಅವುಗಳ ಮನೆ. ಜೆಸಿಬಿ ತಂದು ಬದು ಕೆತ್ತಿಸಿದಾಗ ಮುಂದಿನ ವರ್ಷದ ಜೇನು ಮಣ್ಣಿನೊಳಗೇ ಸಾಯುತ್ತದೆ. ಒಣಗಿದ ಕತ್ತಾಳೆ ಕಂಬ, ಹಳೆಯ ಬಿದಿರು, ಟೊಳ್ಳು ಕೊಂಬೆಗಳನ್ನು ಒಂದು ಮೂಲೆಯಲ್ಲಿ ಹಾಗೆಯೇ ಬಿಡಿ, ಬಡಗಿ ದುಂಬಿಗೂ ಎಲೆ ಕತ್ತರಿಸುವ ಜೇನಿಗೂ ಅದು ಸಾಕು.

ಇಷ್ಟೆಲ್ಲ ಮಾಡಿ ಸಿಂಪಡಣೆ ಹಳೆಯಂತೆಯೇ ಮುಂದುವರಿದರೆ ಹೂ ಬೆಳೆಸಿ ಜೇನನ್ನು ವಿಷಕ್ಕೆ ಕರೆದಂತಾಗುತ್ತದೆ. ನೀವು ಸಿಂಪಡಣೆಯ ಬಗ್ಗೆ ಒಂದು ಮಾತೂ ಬರೆದಿಲ್ಲ, ಆದರೆ ನಿಮ್ಮಲ್ಲಿ ಮಾವಿದೆ. ಮಾವು ಹೂ ಬಿಟ್ಟಾಗ ಜಿಗಿಹುಳುವಿಗೆಂದು ಇಮಿಡಾಕ್ಲೋಪ್ರಿಡ್ ಹೊಡೆಯುವುದು ನಿಮ್ಮ ಸೀಮೆಯಲ್ಲಿ ಸಾಮಾನ್ಯ. ಅದು ನಿಯೋನಿಕೋಟಿನಾಯ್ಡ್ ಗುಂಪಿನ ವಿಷ. ಗಿಡದ ಮೈಯೊಳಗೆ ಹರಿದು ಪರಾಗ, ಮಕರಂದಕ್ಕೂ ಸೇರುತ್ತದೆ. ಜೇನಿಗೆ ಆಗುವ ಹಾನಿಯ ಕಾರಣಕ್ಕೇ ಐರೋಪ್ಯ ಒಕ್ಕೂಟ 2018ರಲ್ಲಿ ಇಮಿಡಾಕ್ಲೋಪ್ರಿಡ್, ಥಯಾಮೆಥಾಕ್ಸಮ್, ಕ್ಲೋಥಿಯಾನಿಡಿನ್ ಈ ಮೂರನ್ನು ಬಯಲು ಬೆಳೆಗಳಲ್ಲಿ ಬಳಸದಂತೆ ನಿಷೇಧಿಸಿತು. ಜಿಗಿಹುಳುವಿಗೆ ಔಷಧಿ ಅನಿವಾರ್ಯವೆನಿಸಿದರೆ ಹೂಗೊಂಚಲು ಹೊರಡುವ ಹಂತದಲ್ಲೇ ಮುಗಿಸಿ, ಹೂ ಅರಳಿದ ಮೇಲೆ ಕಾಯಿ ಕಚ್ಚುವವರೆಗೆ ಪಂಪು ಮುಟ್ಟಬೇಡಿ. ಮಾವಿಗೆ ಬರುವ ನೊಣ, ಕೋಲುಜೇನು, ನಸರು ಜೇನುಗಳೇ ನಿಮ್ಮ ಫಸಲು ಕಟ್ಟಿಕೊಡುವವು. ಕುಂಬಳ, ಸೌತೆಗೆ ಸಿಂಪಡಿಸಲೇಬೇಕಾದರೆ ಹೂ ಮುದುಡಿದ ಮೇಲೆ, ಹೊತ್ತಿಳಿದಾಗ. ಆದರೆ ಆ ಹೊತ್ತಿಗೆ ಪಕ್ಕದ ಹೀರೆ ಅರಳುತ್ತಿರುತ್ತದೆ ಎಂಬುದನ್ನು ಮರೆಯಬೇಡಿ, ಆ ಸಾಲಿನ ಕಡೆಗೆ ಗಾಳಿ ಬೀಸುತ್ತಿದ್ದರೆ ಅಂದು ನಿಲ್ಲಿಸಿ. ಪುಡಿರೂಪದ ಔಷಧಿಗಳು ಪರಾಗದಂತೆಯೇ ಜೇನಿನ ಮೈಗೆ ಅಂಟಿ ಗೂಡಿಗೆ ಹೋಗುತ್ತವೆ, ಅವನ್ನು ತರಲೇಬೇಡಿ. ಬಿತ್ತನೆ ಬೀಜ ಕೊಳ್ಳುವಾಗ ಯಾವ ಔಷಧಿಯಿಂದ ಉಪಚರಿಸಿದೆ ಎಂಬುದನ್ನೂ ಪೊಟ್ಟಣದ ಮೇಲೆ ಓದಿ. ನಸರು ಜೇನಿನಂಥ ಸಣ್ಣವು ಗೂಡಿನಿಂದ ಕೆಲವು ನೂರು ಮೀಟರ್ ದೂರ ಹೋದರೆ ಹೆಚ್ಚು. ಅಂದರೆ ನಿಮ್ಮ ಹೊಲ, ಅಕ್ಕಪಕ್ಕದ ಎರಡು ಹೊಲ ಅವುಗಳ ಇಡೀ ಪ್ರಪಂಚ. ಪಕ್ಕದವರ ಜೊತೆ ಕೂತು ಸಿಂಪಡಣೆಯ ಹೊತ್ತಿನ ಬಗ್ಗೆ ಮಾತಾಡುವುದು ಹತ್ತು ಪೊಟ್ಟಣ ಬೀಜಕ್ಕಿಂತ ದೊಡ್ಡ ಕೆಲಸ.

ಕೊನೆಯದಾಗಿ ಪೆಟ್ಟಿಗೆ. ಈ ವರ್ಷ ಬೇಡ. ಹೂವಿನ ಸರಣಿ ಸರಿಹೋಗದ ಕಡೆ ಪೆಟ್ಟಿಗೆ ಇಟ್ಟರೆ ಜೂನ್ ಜುಲೈನಲ್ಲಿ ಸಕ್ಕರೆ ಪಾಕ ಕೊಟ್ಟು ಸಾಕಬೇಕಾಗುತ್ತದೆ, ಇರುವ ಅಲ್ಪ ಹೂವಿಗೆ ಕಾಡುಜೇನುಗಳ ಜೊತೆ ಪೈಪೋಟಿಯೂ ಹುಟ್ಟುತ್ತದೆ. ಮುಂದೆ ಇಡುವುದಾದರೆ ತುಡುವೆ ಇಡಿ. ಯುರೋಪಿನ ಮೆಲ್ಲಿಫೆರಾ ಹೆಚ್ಚು ತುಪ್ಪ ಕೊಡುತ್ತದೆ, ಆದರೆ ಅದಕ್ಕೆ ಎಕರೆಗಟ್ಟಲೆ ಹೂ ಬೇಕು, ಹೂವಿರುವ ಕಡೆಗೆ ಲಾರಿಯಲ್ಲಿ ಪೆಟ್ಟಿಗೆ ಸಾಗಿಸುವವರ ಕಸುಬು ಅದು. ತುಡುವೆಯನ್ನೂ ದೂರದೂರಿನಿಂದ ತರಿಸಬೇಡಿ. 1991-92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತಕ್ಕೆ ಹಬ್ಬಿ ಕೊಡಗು, ಮಲೆನಾಡಿನ ತುಡುವೆ ಪೆಟ್ಟಿಗೆಗಳಲ್ಲಿ ಬಹುಪಾಲು ಬರಿದಾದವು. ಮರಿಹುಳು ನೀರು ತುಂಬಿದ ಚೀಲದಂತಾಗಿ ಗೂಡಿನಲ್ಲೇ ಸಾಯುವ ರೋಗ ಅದು. ಕುಟುಂಬಗಳನ್ನು ಊರಿಂದೂರಿಗೆ ಸಾಗಿಸುವಾಗ ಇಂಥವು ಜೊತೆಗೇ ಬರುತ್ತವೆ. ನಿಮ್ಮೂರ ಪೊಟರೆ, ಹುತ್ತಗಳಲ್ಲಿ ಇರುವ ತುಡುವೆಯೇ ಅಲ್ಲಿನ ಹವೆಗೆ ಒಗ್ಗಿದ್ದು. ಜೇನು ಪಾಲಾಗುವ, ಅಂದರೆ ಒಂದು ಕುಟುಂಬ ಒಡೆದು ಅರ್ಧ ಹೊಸ ಮನೆ ಹುಡುಕಿ ಹೊರಡುವ ಕಾಲಕ್ಕೆ, ಒಳಗೆ ಸ್ವಲ್ಪ ಜೇನುಮೇಣ ಸವರಿದ ಖಾಲಿ ಪೆಟ್ಟಿಗೆಯನ್ನು ಮಾವಿನ ಮರದ ನೆರಳಿನಲ್ಲಿಟ್ಟು ನೋಡಿ, ತಾನಾಗಿ ಬಂದು ಕೂತರೆ ಅದಕ್ಕಿಂತ ಒಳ್ಳೆಯ ಕುಟುಂಬವಿಲ್ಲ. ಸಾಕುವ ಕ್ರಮವನ್ನು ತೋಟಗಾರಿಕೆ ಇಲಾಖೆಯ ಜೇನು ತರಬೇತಿಯಲ್ಲೋ, ಬೆಂಗಳೂರಿನ ಜಿಕೆವಿಕೆಯ ಕೃಷಿ ವಿಶ್ವವಿದ್ಯಾಲಯದಲ್ಲೋ ಕೈಯಾರೆ ಕಲಿತು ಬನ್ನಿ. ಪೆಟ್ಟಿಗೆಯ ಹತ್ತಿರ ಅಗಲ ಬಾಯಿಯ ಮಣ್ಣಿನ ತಟ್ಟೆಯಲ್ಲಿ ನೀರಿಟ್ಟು, ಜೇನು ಮುಳುಗದಂತೆ ಬೆಣಚುಕಲ್ಲು ಹಾಕಿಡಿ. ಮತ್ತು ಗೂಡು ಬಂದ ಮೊದಲ ವರ್ಷ ತುಪ್ಪ ತೆಗೆಯಬೇಡಿ, ಅದು ಅವುಗಳ ಮಳೆಗಾಲದ ಊಟ.